ಮೈಕಿಗಲ್ಲದ ಮಾತು

ಹೊಸ ಹಾಲ್‌ಗೆ ಕಾಲಿಟ್ಟ ಕೂಡಲೇ ನಾನು ಮಾಡುವ ಮೊದಲ ಕೆಲಸ ಒಂದು ಚಪ್ಪಾಳೆ ಹೊಡೆಯುವುದು. ಸ್ಪೀಕರ್, ವೈರು, ಮಿಕ್ಸರ್ ಎಲ್ಲ ಆಮೇಲೆ. ಚಪ್ಪಾಳೆ ಹೊಡೆದು ಸುಮ್ಮನೆ ನಿಂತರೆ ಹಾಲ್ ತನ್ನ ಗುಣ ತಾನೇ ಹೇಳುತ್ತದೆ. ಗೋವಾದ ಪರ್ವರಿಯ ಗುಡ್ಡದ ಮೇಲಿನ ಆ ಧ್ಯಾನಕೇಂದ್ರದ ಹಾಲ್‌ನಲ್ಲಿ ಹೊಡೆದ ಚಪ್ಪಾಳೆ ಕಮಾನಿನ ಚಾವಣಿಗೆ ಏರಿ, ಹಿಂದಿನ ಗೋಡೆಗೆ ಬಡಿದು, ನುಣ್ಣನೆಯ ಕಲ್ಲಿನ ನೆಲದ ಮೇಲೆ ಉರುಳಾಡಿ, ನಾನು ಕರವಸ್ತ್ರ ತೆಗೆದು ಮುಖ ಒರೆಸಿಕೊಳ್ಳುವವರೆಗೂ ಸಾಯಲಿಲ್ಲ.

"ಇದೆಂಥಾ ಹಾಲೋ ತಮ್ಮಾ," ಎಂದ ಕಾಕಾ, ಹೆಗಲ ಮೇಲಿನ ಸ್ಪೀಕರ್ ಇಳಿಸುತ್ತ. "ಇಲ್ಲಿ ಒಬ್ಬ ಸೀನಿದ್ರ ಹತ್ತು ಮಂದಿಗೆ ನೆಗಡಿ ಆದಂಗ ಕೇಳತೈತಿ."

ಕಾಕಾ ನನ್ನ ಸ್ವಂತ ಕಾಕಾ ಅಲ್ಲ. ಇಂಡಿ ಕಡೆಯವನು. ಝುವಾರಿನಗರದಲ್ಲಿ ಅವನ ಮನೆಯ ಗೋಡೆ, ನಮ್ಮ ಮನೆಯ ಗೋಡೆ ಒಂದೇ. ಬಂದರಿನಲ್ಲಿ ಮೂಟೆ ಹೊತ್ತ ಹೆಗಲು ಈಗ ನನ್ನ ಸ್ಪೀಕರ್ ಹೊರುತ್ತದೆ. ನಾವಿಬ್ಬರೂ ಗಣಪತಿ ಮಂಟಪಕ್ಕೂ ಸೌಂಡ್ ಹಾಕುತ್ತೇವೆ, ಇಗರ್ಜಿಯ ವಾರ್ಷಿಕ ಹಬ್ಬ ಫೆಸ್ತಿಗೂ ಹಾಕುತ್ತೇವೆ. ಆದರೆ ಈ ಸಲದ ಕೆಲಸ ಬೇರೆ ಥರದ್ದು. ಕ್ಯಾಥೊಲಿಕ್ ಸಭೆಯ ಆರಾಧನಾ ವಿಧಿ ಮತ್ತು ಸೇವೆಯ ಕುರಿತು ಒಂದು ಸಮ್ಮೇಳನ. ಪಾದ್ರಿಗಳು, ಸಿಸ್ಟರುಗಳು, ಪೂಜೆಯಲ್ಲಿ ವಾಚನ ಓದುವವರು, ಹಾಡುವವರು, ಹಾಸಿಗೆ ಹಿಡಿದವರ ಮನೆಗೆ ಪ್ರಸಾದ ಒಯ್ಯುವವರು, ಹೀಗೆ ಹಾಲ್ ತುಂಬ ಜನ. ವೇದಿಕೆಯ ಮೇಲೆ ಒಬ್ಬರಾದ ಮೇಲೆ ಒಬ್ಬರು ಭಾಷಣಕಾರರು. ಕುಣಿಸುವ ಸೌಂಡ್ ಅಲ್ಲ, ಕೇಳಿಸುವ ಸೌಂಡ್ ಬೇಕಿತ್ತು. ಕುಣಿಸುವುದು ಸುಲಭ.

ಭಾಷೆ ಬೇರೆ ಮೂರು. ಗೋವಾದವರಿಗೆ ಕೊಂಕಣಿ, ದೂರದಿಂದ ಬಂದವರಿಗೆ ಇಂಗ್ಲಿಷ್, ಹಳಿಯಾಳ, ಖಾನಾಪುರ, ಬೆಳಗಾವಿ ಕಡೆಯವರಿಗೆ ಕನ್ನಡ. ಹಾಲ್‌ನ ಹಿಂದುಗಡೆ ಗಾಜಿನ ಗೂಡು ಕಟ್ಟಿ ಅದರಲ್ಲಿ ಅನುವಾದಕಿಯರನ್ನು ಕೂರಿಸಿದ್ದೆವು. ಭಾಷಣ ಕೇಳುತ್ತ ಕೇಳುತ್ತಲೇ ಅವರು ತಮ್ಮ ಭಾಷೆಯಲ್ಲಿ ಹೇಳುತ್ತ ಹೋಗಬೇಕು. ಅವರ ಮಾತು ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕಿನ ಮೇಲೆ ಕೂತು ಹಾಲ್ ತುಂಬ ಹರಡಿ, ಕೇಳುವವರ ಕೈಯಲ್ಲಿರುವ ಬೆಂಕಿಪೊಟ್ಟಣದಂಥ ಡಬ್ಬಿಗೆ ಬರುತ್ತದೆ. ಡಬ್ಬಿಯಿಂದ ಕಿವಿಗೆ ಇಯರ್‌ಫೋನ್. ಈ ಸೆಟ್ ನನ್ನದಲ್ಲ, ಪುಣೆಯಿಂದ ಬಾಡಿಗೆಗೆ ತರಿಸಿದ್ದು. ಅನುವಾದ ಬೇಕಾದವರಿಗೆ ಸಾಲುವಷ್ಟು ಮಾತ್ರ ತರಿಸಿದ್ದರು.

ಹಿಂದಿನ ದಿನ ಮಧ್ಯಾಹ್ನ ಭಾಷಣಕಾರರ ಪರೀಕ್ಷೆ ಇಟ್ಟುಕೊಂಡೆವು. ಸಮ್ಮೇಳನದ ಉಸ್ತುವಾರಿ ಹೊತ್ತ ಸಿಸ್ಟರ್ ಒಬ್ಬೊಬ್ಬರನ್ನಾಗಿ ಕರೆತಂದು ಮೈಕಿನ ಮುಂದೆ ನಿಲ್ಲಿಸುತ್ತಿದ್ದರು. ಅವರು ಹಳಿಯಾಳದ ಹುಡುಗಿಯಾಗಿ ಬೆಳೆದವರು. ನನ್ನ ಮಾತು ಕೇಳಿದ್ದೇ ತಡ ಕೊಂಕಣಿ ಬಿಟ್ಟು ನಮ್ಮ ಕಡೆಯ ಕನ್ನಡಕ್ಕೆ ಇಳಿದರು. ಒಬ್ಬ ಭಾಷಣಕಾರರು ಮೈಕನ್ನು ಬೆರಳಿನಿಂದ ಬಡಿದು ನನ್ನ ಕಿವಿ ಒಡೆದರು. ಇನ್ನೊಬ್ಬರು ಮೈಕು ಕಚ್ಚುತ್ತದೆಯೇನೋ ಎಂಬಂತೆ ಮಾರು ದೂರ ನಿಂತರು. ಇವೆಲ್ಲ ನನಗೆ ಹೊಸದಲ್ಲ. ಸ್ಪೀಕರ್‌ಗಳನ್ನು ಚಾವಣಿಗೆ ಮುಖಮಾಡದಂತೆ ಕೆಳಗೆ ಬಾಗಿಸಿ, ಗುಡುಗುವ ಕೆಳಸ್ವರ ಕತ್ತರಿಸಿ, ಪ್ರತಿಯೊಬ್ಬರ ದನಿಗೂ ಒಂದೊಂದು ಅಳತೆ ಹಾಕಿಟ್ಟುಕೊಂಡೆ.

ಕೊನೆಗೆ ಬಂದವರು ಒಬ್ಬ ವಯಸ್ಸಾದ ಫಾದರ್. ತೆಳ್ಳಗಿನ ಮನುಷ್ಯ, ಕುತ್ತಿಗೆಗೆ ಹತ್ತಿಯ ಮಫ್ಲರ್. ಮೈಕಿನ ಮುಂದೆ ನಿಂತು ಬಾಯಿ ತೆರೆದರು. ಏನೂ ಕೇಳಲಿಲ್ಲ. ವೈರ್ ಕಿತ್ತಿರಬೇಕೆಂದು ನಾನು ಓಡಿದೆ. ಹತ್ತಿರ ಹೋದಾಗ ಗೊತ್ತಾಯಿತು, ಅವರು ಮಾತಾಡುತ್ತಲೇ ಇದ್ದರು. ಜೋಳದ ಹಿಟ್ಟು ಜರಡಿ ಹಿಡಿದ ಹಾಗೆ ಒಂದು ಸದ್ದು, ಅಷ್ಟೇ.

"ಗಂಟಲಿನ ಆಪರೇಷನ್ ಆಗೇತಿ ತಮ್ಮಾ," ಎಂದರು ನನ್ನ ಕಿವಿಯ ಹತ್ತಿರ ಬಾಗಿ. "ಉಳದದ್ದು ಇಷ್ಟ. ಇದರಾಗ ಏನ್ ಮಾಡ್ತಿ ಮಾಡು."

ಕನ್ನಡ ಕೇಳಿ ನನಗೆ ಸಂತೋಷವೂ ಆಯಿತು, ಭಯವೂ ಆಯಿತು. ಕೆನ್ನೆಗೆ ಅಂಟಿಕೊಂಡು ತುಟಿಯ ಹತ್ತಿರ ನಿಲ್ಲುವ ಸಣ್ಣ ಮೈಕ್ ಹಾಕಿ ಗುಂಡಿ ಏರಿಸಿದೆ. ಇನ್ನಷ್ಟು ಏರಿಸಿದೆ. ದನಿ ಹುಟ್ಟುವ ಮೊದಲೇ ಶಿಳ್ಳೆ ಹುಟ್ಟಿತು. ಮೈಕಿನ ಸದ್ದು ಸ್ಪೀಕರ್‌ಗೆ ಹೋಗಿ, ಸ್ಪೀಕರ್‌ನದು ಗೋಡೆಗೆ ಬಡಿದು ತಿರುಗಿ ಮೈಕಿಗೆ ಬಂದು, ಆ ಹಾಲ್ ಪೂರ್ತಿ ಕುಕ್ಕರಿನಂತೆ ಕೂಗಿತು. ಸಿಸ್ಟರ್ ಕಿವಿ ಮುಚ್ಚಿಕೊಂಡರು. ನಾನು ಶಿಳ್ಳೆಯ ಸ್ವರ ಹುಡುಕಿ ಕತ್ತರಿಸಿದೆ. ಅದು ಬೇರೆ ಸ್ವರದಲ್ಲಿ ಎದ್ದಿತು. ಅದನ್ನೂ ಕತ್ತರಿಸಿದೆ. ಕೊನೆಗೆ ಶಿಳ್ಳೆ ನಿಂತಾಗ ಫಾದರ್ ದನಿಯಲ್ಲಿ ಕತ್ತರಿಸಲು ಏನೂ ಉಳಿದಿರಲಿಲ್ಲ.

ಅವರು ಮಾತ್ರ ನಗುತ್ತ ನಿಂತಿದ್ದರು. ಅದು ನನ್ನನ್ನು ಹೆಚ್ಚು ಚುಚ್ಚಿತು.

ಸಿಸ್ಟರ್ ನನ್ನನ್ನು ಬದಿಗೆ ಕರೆದರು. "ಅಣ್ಣಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಫಾದರ್ ಬರದದ್ದು ಭಾಳ ಚಲೋ ಐತಿ. ಸಣ್ಣ ಫಾದರ್ ಒಬ್ರು ಅದನ್ನ ಓದ್ತಾರ. ಇವರು ಬಾಜೂಕ ಕುಂಡ್ರಲಿ."

"ಅವರಿಗೆ ಹೇಳೀರೇನ್ರಿ?"

"ಹೇಳಬೇಕು," ಎಂದು ಅವರು ನೆಲ ನೋಡಿದರು.

ಸಿಸ್ಟರ್ ಫಾದರ್‌ಗೆ ಹೇಳಿದ್ದು ನನಗೆ ಕೇಳಲಿಲ್ಲ. ಫಾದರ್ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತದ್ದು ಕಂಡಿತು. ಕಾಕಾ ಎರಡು ಚಹಾ ತಂದು ಒಂದನ್ನು ನನ್ನ ಕೈಗೆ ಕೊಡದೆ ಅವರ ಕೈಗೆ ಕೊಟ್ಟ. ನಾನು ಅವರ ಪಕ್ಕ ಕೂತೆ. ಕೂತವನು ಎದ್ದೆ, ಮತ್ತೆ ಕೂತೆ.

"ಓದೂದು ಯಾರಾದ್ರೂ ಓದ್ತಾರ," ಎಂದರು ಫಾದರ್. "ನನಗ ಮಾತಾಡೂದು ಬೇಕಾಗಿತ್ತು."

ಆಮೇಲೆ ಅವರು ಹೇಳಿದ್ದನ್ನು ನಾನು ಬಾಗಿ ಬಾಗಿ ಕೇಳಿದೆ. ಕುಡಚಡೆಯಲ್ಲಿ, ಅದಿರಿನ ಲಾರಿ ಓಡಾಡುವ ರಸ್ತೆಯ ಮಗ್ಗುಲಿಗೆ ಅವರದೊಂದು ಸಣ್ಣ ಪ್ರಾರ್ಥನಾಲಯ. ಭಾನುವಾರ ಕನ್ನಡದಲ್ಲಿ ಪೂಜೆ. ಬರುವವರು ಲಾರಿ ಕ್ಲೀನರ್‌ಗಳು, ಸೆಂಟ್ರಿಂಗ್ ಕೆಲಸದವರು, ಮನೆಗೆಲಸದ ಹೆಂಗಸರು, ಹೆಚ್ಚಿನವರು ಹಳಿಯಾಳ, ಮುಂಡಗೋಡದ ಕಡೆಯವರು. ಆಪರೇಷನ್ ಆದ ಮೇಲೆ ಯಾರೋ ಮೇಲಿನವರಿಗೆ ದೂರು ಕೊಟ್ಟಿದ್ದರು, ಫಾದರ್ ಹೇಳುವುದು ಕೇಳುವುದಿಲ್ಲ ಅಂತ. ಅದು ಸುಳ್ಳೂ ಅಲ್ಲ. ಪಾದ್ರಿಗಳ ವರ್ಗಾವಣೆ ನೋಡಿಕೊಳ್ಳುವ ಹಿರಿಯ ಫಾದರ್ ಒಬ್ಬರು ಇದೇ ಸಮ್ಮೇಳನಕ್ಕೆ ಬರುವವರಿದ್ದರು. 'ನಾಳೆ ನಿನ್ನ ಮಾತು ಕೇಳುತ್ತೇನೆ, ಆಮೇಲೆ ನಿರ್ಧಾರ ಮಾಡೋಣ' ಎಂದಿದ್ದರಂತೆ.

"ಕೇಳದಿದ್ರ?" ಎಂದೆ.

"ವಯಸ್ಸಾದ ಪಾದ್ರಿಗಳ ಮನಿ ಐತಲ್ಲ, ಅಲ್ಲಿಗೆ. ಚಲೋ ಜಾಗಾ. ಊಟ ಚಲೋ, ಡಾಕ್ಟರ್ ಬರ್ತಾರ, ತೋಟ ಐತಿ." ಚಹಾ ಮುಗಿಸಿ ಕಪ್ಪನ್ನು ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟರು. "ಮಂದಿ ಇಲ್ಲ, ಅಷ್ಟ."

ಅವರ ಭಾಷಣದ ವಿಷಯ ಏನೆಂದು ಕೇಳಿದೆ. ಅವರು ನನ್ನ ಮುಖ ನೋಡಿ ಕಣ್ಣಲ್ಲೇ ನಕ್ಕರು. "ಪೂಜಿ ನಡಸುವಾಗ ಪಾದ್ರಿ ಮೆತ್ತಗ ಹೇಳೂ ಪ್ರಾರ್ಥನಿಗಳು. ಮಂದಿಗೆ ಕೇಳಬಾರದು ಅಂತಾನ ಇರೂ ಮಾತು."

"ಮತ್ತ ನಮ್ಮ ಹಂತೇಕ ಯಾಕ ಬಂದ್ರಿ?" ಎಂದುಬಿಟ್ಟ ಕಾಕಾ. ಫಾದರ್ ಸದ್ದಿಲ್ಲದೆ, ಹೊಟ್ಟೆ ಅಲುಗಿಸಿ ನಕ್ಕರು.

ವಿಷಯ ನನಗೆ ಅವರೇ ಬಿಡಿಸಿ ಹೇಳಿದರು. ಪೂಜೆಯಲ್ಲಿ ಎಲ್ಲರೂ ಕೂಡಿ ಹೇಳುವ ಪ್ರಾರ್ಥನೆ ಬೇರೆ, ಪಾದ್ರಿ ಎಲ್ಲರ ಪರವಾಗಿ ಗಟ್ಟಿಯಾಗಿ ಹೇಳುವುದು ಬೇರೆ. ಇವೆರಡರ ನಡುವೆ, ದ್ರಾಕ್ಷಾರಸಕ್ಕೆ ಹನಿ ನೀರು ಬೆರೆಸುವಾಗ, ಬಲಿಪೀಠದ ಮುಂದೆ ನಡು ಬಗ್ಗಿಸಿದಾಗ, ಕೈ ತೊಳೆಯುವಾಗ, ಪಾದ್ರಿ ತನಗಾಗಿ ತಾನು ಬೇಡಿಕೊಳ್ಳುವ ಕೆಲವು ಮಾತುಗಳಿವೆ. ಅವನ್ನು ಮೆಲುದನಿಯಲ್ಲೇ ಹೇಳಬೇಕೆಂದು ವಿಧಿ. ಕಾಲರ್ ಮೈಕ್ ಬಂದ ಮೇಲೆ ಅವೂ ಸ್ಪೀಕರ್‌ನಲ್ಲಿ ಬರತೊಡಗಿವೆ. ಕೇಳಿದ್ದೆಲ್ಲ ತಮಗೇ ಎಂದು ಜನ ತಿಳಿದಿದ್ದಾರೆ.

"ಅದು ಮೈಕಿಗಲ್ಲದ ಮಾತು ತಮ್ಮಾ," ಎಂದರು. "ಅಲ್ಲಿ ಪಾದ್ರಿ ಒಬ್ಬಾಂವ ಇರಬೇಕು. ಮಂದಿ ಅವನ ಕಾಯಬೇಕು."

ಆ ಸಂಜೆ ನಾನು ಮನೆಗೆ ಹೋದರೂ ಹಾಲ್‌ನಲ್ಲೇ ಇದ್ದೆ. ಊಟಕ್ಕೆ ಕೂತರೆ ಶಿಳ್ಳೆ ಹುಟ್ಟುವ ದಾರಿಯನ್ನು ತಾಟಿನ ಮೇಲೆ ಬೆರಳಿನಲ್ಲಿ ಗೀಚುತ್ತಿದ್ದೆ. ಸ್ಪೀಕರ್ ಹಿಂದಕ್ಕೆ ಸರಿಸಿದರೆ? ಗೋಡೆಗೆ ಗಾದಿ ಕಟ್ಟಿದರೆ? ಒಂದೂ ಕೂಡಿ ಬರಲಿಲ್ಲ.

ಸಮ್ಮೇಳನ ಮುಂಜಾನೆ ಶುರುವಾಯಿತು. ಮೊದಲ ಭಾಷಣಗಳು ಸರಿಯಾಗಿ ಹೋದವು. ನಾನು ಮಿಕ್ಸರ್ ಹಿಂದೆ ನಿಂತು ಬಿಗಿಯಾಗಿದ್ದ ಸ್ಕ್ರೂಗಳನ್ನೇ ಮತ್ತೆ ಬಿಗಿ ಮಾಡುತ್ತಿದ್ದೆ.

"ಕುಂಡ್ರೋ," ಎಂದ ಕಾಕಾ. "ನಿನ್ನ ನೋಡಿ ನನ್ನ ಕಾಲು ನೋಯಾಕತ್ತಾವ."

ಕೂರಲಾಗದೆ ಗಾಜಿನ ಗೂಡಿನ ಕಡೆ ಹೋದೆ. ಕನ್ನಡದ ಅನುವಾದಕಿ ಮೈಕಿನ ಸುತ್ತ ಕೈ ಅಡ್ಡ ಹಿಡಿದು, ಪಕ್ಕದ ಗೂಡಿನವರಿಗೆ ತೊಂದರೆಯಾಗದಂತೆ, ತುಟಿ ಬಿಚ್ಚದ ಹಾಗೆ ಮಾತಾಡುತ್ತಿದ್ದಳು. ಗೂಡಿನ ಬಾಗಿಲು ತೆರೆದಿದ್ದರೂ ನನಗೆ ಅವಳ ದನಿ ಕೇಳಲಿಲ್ಲ. ಅಲ್ಲೇ ಇದ್ದ ಒಂದು ಡಬ್ಬಿ ಎತ್ತಿ ಕಿವಿಗೆ ಇಟ್ಟುಕೊಂಡೆ. ಅವಳು ನನ್ನ ಕಿವಿಯೊಳಗೇ ಕೂತು ಮಾತಾಡಿದಂತೆ ಕೇಳಿಸಿತು.

ನಮ್ಮ ಅಜ್ಜಿಯ ನೆನಪಾಯಿತು. ನನಗೆ ಕನ್ನಡ ಬಂದದ್ದು ಶಾಲೆಯಿಂದಲ್ಲ, ಅಜ್ಜಿಯಿಂದ. ಕತೆ ಬಿಗಿಯಾದ ಜಾಗಕ್ಕೆ ಬಂದಾಗ ಅವಳು ದನಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದಳು. ಹೊಸ್ತಿಲ ಹತ್ತಿರ ಕೂತವರೆಲ್ಲ ಜರುಗಿ ಜರುಗಿ ಅವಳ ಮೊಣಕಾಲಿಗೆ ಬಂದು ಸೇರುತ್ತಿದ್ದೆವು. ನಾನು ನಿನ್ನೆಯಿಂದ ದನಿಯನ್ನು ಏರಿಸುವುದರಲ್ಲೇ ಬಿದ್ದಿದ್ದೆ. ಸ್ಪೀಕರ್ ಇದ್ದರಲ್ಲವೇ ಶಿಳ್ಳೆ? ಸ್ಪೀಕರ್ ಪೂರ್ತಿ ಬಂದ್ ಮಾಡಿ ಫಾದರ್ ದನಿಯನ್ನು ಈ ಡಬ್ಬಿಗಳಿಗೆ ಬಿಟ್ಟರೆ? ಎಷ್ಟು ಬೇಕಾದರೂ ಏರಿಸಬಹುದು, ತಿರುಗಿ ಮೈಕಿಗೆ ಬರಲು ಹಾಲ್‌ನಲ್ಲಿ ಸದ್ದೇ ಇರುವುದಿಲ್ಲ.

ಓಡಿ ಸಿಸ್ಟರ್‌ಗೆ ಹೇಳಿದೆ. ಅವರು ತಡೆದು ಕೇಳಿದರು.

"ಡಬ್ಬಿ ಎಲ್ಲರಿಗೂ ಸಾಲೂದಿಲ್ಲಲ್ರೀ."

"ಒಂದೊಂದಕ್ಕ ಎರಡು ಕಿವಿ ಅದಾವಲ್ರಿ ಸಿಸ್ಟರ್. ಇಬ್ರು ಹಂಚ್ಕೊಳ್ಳಲಿ. ಒಬ್ರಿಗೆ ಬಲಗಡಿದು, ಒಬ್ರಿಗೆ ಎಡಗಡಿದು."

"ಬಿಷಪರ ಕಚೇರಿಯವರು ಇನ್ನೊಬ್ಬರ ಕಿವಿಗೆ ಕಿವಿ ಹಚ್ಚಿ ಕುಂಡ್ರಬೇಕೇನ?"

"ಪಾಪ, ಕುಂತ್ರ ಏನಾಗತೈತಿ," ಎಂದ ಕಾಕಾ. ಸಿಸ್ಟರ್‌ಗೆ ನಗು ತಡೆಯಲಾಗಲಿಲ್ಲ. ಆದರೂ ಒಂದು ಷರತ್ತು ಹಾಕಿದರು. ಊಟದ ಹೊತ್ತಿನಲ್ಲಿ ಪರೀಕ್ಷೆ ಮಾಡಿ ತೋರಿಸಬೇಕು. ಆಗದಿದ್ದರೆ ಸಣ್ಣ ಫಾದರ್ ಓದುತ್ತಾರೆ, ಎರಡನೇ ಮಾತಿಲ್ಲ. ಅವರ ಕಷ್ಟವೂ ನನಗೆ ಅರ್ಥವಾಗಿತ್ತು. ಇಷ್ಟು ಜನರನ್ನು ಕರೆಸಿ ಒಂದು ಭಾಷಣ ಕೆಟ್ಟರೆ ಕೇಳುವುದು ಅವರನ್ನೇ.

ಊಟಕ್ಕೆ ಹಾಲ್ ಖಾಲಿಯಾದ ಕೂಡಲೇ ಫಾದರ್ ಕೆನ್ನೆಗೆ ಮೈಕ್ ಅಂಟಿಸಿದೆ. ಕೆಳಸ್ವರ ತೆಗೆದೆ, ಉಸಿರಿನ ಬಡಿತ ತಪ್ಪಿಸಲು ಮೈಕನ್ನು ಬಾಯಿಯ ಮುಂದಿನಿಂದ ತುಟಿಯ ಮೂಲೆಗೆ ಸರಿಸಿದೆ. ಸಿಸ್ಟರ್ ಕೊನೆಯ ಸಾಲಿನಲ್ಲಿ ಡಬ್ಬಿ ಹಿಡಿದು ಕೂತರು. ಫಾದರ್ ಮಾತಾಡಿದರು. ಸಿಸ್ಟರ್ ಮುಖ ಅರಳಿತು. ಮರುಕ್ಷಣ ಮುದುಡಿತು.

"ಎಣ್ಣ್ಯಾಗ ಬಜಿ ಬಿಟ್ಟಂಗ ಸದ್ದು ಬರಾಕತ್ತೈತಿ."

ಡಬ್ಬಿ ಇಸಕೊಂಡು ಕೇಳಿದೆ. ಹೌದು, ಚುರ್ ಎಂಬ ಸದ್ದು, ಫಾದರ್ ದನಿಗಿಂತ ದೊಡ್ಡದು. ಮುಂಜಾನೆ ಇರಲಿಲ್ಲ. ವೈರ್ ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಡಬ್ಬಿ ಹಿಡಿದು ಹಾಲ್ ತುಂಬ ಓಡಾಡಿದೆ. ಒಂದು ಕಡೆ ಸದ್ದು ಹೆಚ್ಚು, ಒಂದು ಕಡೆ ಕಡಿಮೆ. ಕಂಬದ ನೆರಳಿಗೆ ಬಂದಾಗ ಪೂರ್ತಿ ಮಾಯ. ಆಗ ತಲೆ ಎತ್ತಿ ನೋಡಿದೆ. ಪಡುವಣ ಗೋಡೆಯ ಉದ್ದಕ್ಕೂ ಎತ್ತರದ ಗಾಜಿನ ಕಿಟಕಿಗಳು, ಮಧ್ಯಾಹ್ನ ದಾಟಿ ಬಿಸಿಲು ಒಳಗೆ ಬೀಳತೊಡಗಿತ್ತು. ಡಬ್ಬಿಗೆ ದನಿ ತರುವ ಕಾಣದ ಬೆಳಕು ಬಿಸಿಲಿನಲ್ಲಿಯೂ ಇದೆ. ಸೂರ್ಯ ನಮ್ಮ ಮಾತಿನ ಮೇಲೆ ಕೂತಿದ್ದ.

"ಪರದೆ?" ಎಂದೆ.

"ಒಗ್ಯಾಕ ಕೊಟ್ಟೇವಿ," ಎಂದರು ಸಿಸ್ಟರ್.

ಊಟದ ಮನೆಯಿಂದ ತಾಟುಗಳ ಸದ್ದು ಕಡಿಮೆಯಾಗುತ್ತಿತ್ತು. ಫಾದರ್ ಸಿಸ್ಟರ್ ಕಡೆ ತಿರುಗಿ ಏನೋ ಅಂದರು. ಸಿಸ್ಟರ್ ಬೆಚ್ಚಿದಂತೆ ನೋಡಿದರು.

"ಅದು ತಪಸ್ಸು ಕಾಲದ ಬಟ್ಟಿ, ಫಾದರ್."

ಆಮೇಲೆ ನನಗೆ ಬಿಡಿಸಿ ಹೇಳಿದರು. ಈಸ್ಟರ್‌ಗೆ ಮುಂಚಿನ ದಿನಗಳಲ್ಲಿ ಇಗರ್ಜಿಯ ಮೂರ್ತಿಗಳನ್ನೆಲ್ಲ ನೇರಳೆ ಬಟ್ಟೆಯಿಂದ ಮುಚ್ಚುತ್ತಾರೆ. ಕಣ್ಣು ಉಪವಾಸ ಮಾಡಲಿ ಎಂದು. ಆ ಬಟ್ಟೆಗಳು ಪಕ್ಕದ ಇಗರ್ಜಿಯ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದವು. ದೊಡ್ಡ ದೊಡ್ಡ ಸಂತರನ್ನು ಮುಚ್ಚುವ ಬಟ್ಟೆ, ಕಿಟಕಿಗೆ ಸಾಲದೇ?

"ಸಂತರು ಒಂದ ಮಧ್ಯಾಹ್ನ ಕೊಡ್ತಾರ," ಎಂದರು ಫಾದರ್. ಕೊನೆಯ ಶಬ್ದ ಉಸಿರಿನಲ್ಲೇ ಹೋಯಿತು.

ಸಿಸ್ಟರ್ ಕಿಟಕಿ ನೋಡಿದರು, ಗಡಿಯಾರ ನೋಡಿದರು, ಫಾದರ್ ಮುಖ ನೋಡಿದರು. ಬೀಗದ ಕೈ ತೆಗೆದುಕೊಂಡು ತಾವೇ ನಡೆದರು. ಕಾಕಾ ಏಣಿ ಹತ್ತಿದ, ನಾನು ಬಟ್ಟೆ ಕೊಟ್ಟೆ, ಸಿಸ್ಟರ್ ಗುಂಡುಪಿನ್ ಕೊಟ್ಟರು. ಬಟ್ಟೆಗೆ ಕರ್ಪೂರದ ಗುಳಿಗೆಯ ವಾಸನೆ. ಜನ ಊಟ ಮುಗಿಸಿ ಒಳಗೆ ಬಂದಾಗ ಹಾಲ್ ನೇರಳೆ ಕತ್ತಲಲ್ಲಿ ಮುಳುಗಿತ್ತು. ಕೆಲವರು ಬಾಗಿಲಲ್ಲೇ ನಿಂತು ಅಭ್ಯಾಸಬಲದಿಂದ ಶಿಲುಬೆಯ ಗುರುತು ಮಾಡಿಕೊಂಡರು.

ಫ್ಯಾನ್‌ಗಳನ್ನೂ ಬಂದ್ ಮಾಡಿದೆವು, ಅವುಗಳ ಗಾಳಿ ಮೈಕಿಗೆ ಬಡಿಯುತ್ತಿತ್ತು. ಮೇ ತಿಂಗಳ ಸೆಕೆ. ಇಬ್ಬಿಬ್ಬರಿಗೆ ಒಂದು ಡಬ್ಬಿ. ಫಾದರ್ ಭಾಷಣ ಕೊಂಕಣಿಯಲ್ಲಿ. ಕೊಂಕಣಿ ಬರುವವರು ಮೊದಲನೇ ಚಾನೆಲ್ ಹಾಕಿಕೊಂಡು ಫಾದರ್ ದನಿಯನ್ನೇ ಕೇಳಬೇಕು, ಉಳಿದವರು ತಮ್ಮ ತಮ್ಮ ಅನುವಾದ ಕೇಳಬೇಕು. ಹಾಲ್ ತುಂಬ ಮಂದಿ ತಲೆಗೆ ತಲೆ ಹಚ್ಚಿ ಕೂತಿದ್ದರು. ವರ್ಗಾವಣೆಯ ಹಿರಿಯ ಫಾದರ್ ಕೊನೆಯ ಸಾಲಿನಲ್ಲಿ, ಖಾನಾಪುರದಿಂದ ಬಂದಿದ್ದ ವಾಚನ ಓದುವ ಅಜ್ಜನೊಬ್ಬನ ಜೊತೆ ಒಂದೇ ಡಬ್ಬಿಗೆ ಕಟ್ಟಿಹಾಕಿದಂತೆ ಕೂತಿದ್ದರು. ಅಜ್ಜನಿಗೆ ಕೊಂಕಣಿ ಬರುತ್ತದೆಂದು ಕಾಕಾ ವಿಚಾರಿಸಿಯೇ ಕೂರಿಸಿದ್ದ.

ಫಾದರ್ ಮಾತು ಶುರು ಮಾಡಿದರು. ಹಾಲ್‌ನಲ್ಲಿ ಸದ್ದಿಲ್ಲ, ಎಲ್ಲರ ಕಿವಿಯಲ್ಲಿ ಮಾತ್ರ ಒಬ್ಬ ಮುದುಕನ ಪಿಸುದನಿ. ಅವರು ಕಾಗದ ನೋಡಲಿಲ್ಲ. ತಮ್ಮ ಹಳೆಯ ಗುರು ಒಬ್ಬರು ಬಲಿಪೀಠದ ಮುಂದೆ ನಡು ಬಗ್ಗಿಸಿದಾಗ ಅವರ ತುಟಿ ಅಲುಗುವುದನ್ನು ತಾವು ಚಿಕ್ಕಂದಿನಲ್ಲಿ ನೋಡುತ್ತಿದ್ದುದನ್ನು ಹೇಳಿದರು. ಏನು ಹೇಳುತ್ತಾರೋ ತಿಳಿಯದೆ, ನನಗಾಗಿಯೇ ಏನೋ ಬೇಡಿಕೊಳ್ಳುತ್ತಿದ್ದಾರೆಂದು ನಂಬಿಕೊಂಡಿದ್ದೆ ಎಂದರು. ಜನ ನಗಬೇಕಾದ ಜಾಗದಲ್ಲಿ ನಕ್ಕರು. ಜೋರಾಗಿ ನಕ್ಕರೆ ಮುಂದಿನ ಮಾತು ತಪ್ಪುತ್ತದೆಂದು ಬೇಗ ನಿಲ್ಲಿಸಿದರು. ನಾನು ಬೆರಳನ್ನು ಗುಂಡಿಯಿಂದ ತೆಗೆಯಲಿಲ್ಲ. ಅವರು ಉಸಿರು ತೆಗೆದುಕೊಂಡಾಗ ಇಳಿಸಬೇಕು, ಶಬ್ದ ತುಟಿಗೆ ಬರುವ ಮೊದಲು ಏರಿಸಬೇಕು. ಬೆವರು ಕಣ್ಣಿಗೆ ಇಳಿದರೂ ಒರೆಸಿಕೊಳ್ಳಲಿಲ್ಲ.

ಕೊನೆಯ ಹೊತ್ತಿಗೆ ಅವರು ಬಲಿಪೀಠದ ಮುಂದೆ ನಡು ಬಗ್ಗಿಸುವ ಆ ಪ್ರಾರ್ಥನೆಯ ವಿಷಯಕ್ಕೆ ಬಂದರು. ಅದನ್ನು ಹೇಗೆ ಹೇಳಬೇಕೆಂದು ವಿವರಿಸುತ್ತಾರೆ ಎಂದುಕೊಂಡೆ. ಅವರು ವಿವರಿಸಲಿಲ್ಲ. ಮೇಜಿನ ಅಂಚಿಗೆ ಎರಡೂ ಕೈ ಊರಿ, ನಡು ಬಗ್ಗಿಸಿದರು. ನನ್ನ ಹೆಡ್‌ಫೋನ್‌ನಲ್ಲಿ ಮೊದಲ ಶಬ್ದ ಬಂತು. ಅದು ಭಾಷಣದ ಶಬ್ದವಾಗಿರಲಿಲ್ಲ.

ನನ್ನ ಬೆರಳು ಅಲ್ಲಿಯೇ ಇತ್ತು. ಅವರು ನನಗೆ ಸನ್ನೆ ಮಾಡಿರಲಿಲ್ಲ, ಮೊದಲೇ ಹೇಳಿಯೂ ಇರಲಿಲ್ಲ. ಬಿಟ್ಟರೆ ಮೈಕಿಗಲ್ಲದ ಮಾತು ಎಲ್ಲರ ಕಿವಿಗೆ ಹೋಗುತ್ತದೆ, ಅವರು ಇಷ್ಟು ಹೊತ್ತು ಹೇಳಿದ್ದು ನೀರುಪಾಲು. ಮುಚ್ಚಿದರೆ ಕೊನೆಯ ಸಾಲಿನಲ್ಲಿ ಕೂತ ಹಿರಿಯರಿಗೆ ದನಿ ನಿಂತು ಹೋದದ್ದಷ್ಟೇ ಗೊತ್ತಾಗುತ್ತದೆ. ಮುದುಕನ ಗಂಟಲು ಕೈ ಕೊಟ್ಟಿತು ಎಂದುಕೊಂಡರೆ ಕುಡಚಡೆ ಮುಗಿಯಿತು.

ಗುಂಡಿಯನ್ನು ಕೆಳಗೆಳೆದೆ.

ಹಾಲ್‌ನ ಎಲ್ಲ ಕಿವಿಗಳೂ ಒಮ್ಮೆಲೇ ಖಾಲಿಯಾದವು. ತಲೆಗಳು ಎದ್ದವು. ಕೆಲವರು ಡಬ್ಬಿಯನ್ನು ಬಡಿದು ನೋಡಿದರು. ಗಾಜಿನ ಗೂಡಿನಿಂದ ಅನುವಾದಕಿ ಎರಡೂ ಕೈ ತಿರುಗಿಸಿ 'ಏನಾಯಿತು' ಎಂದು ಕೇಳಿದಳು. ಸಿಸ್ಟರ್ ಗೋಡೆಯ ಬದಿಯಿಂದ ನನ್ನ ಕಡೆ ದಡದಡ ಬಂದರು, ಅಂಗೈ ಮೇಲೆತ್ತಿ ಏರಿಸು, ಏರಿಸು ಎಂದು ಸನ್ನೆ ಮಾಡುತ್ತ.

"ಏರಸೋ," ಎಂದು ಕಾಕಾ ನನ್ನ ಪಕ್ಕೆಗೆ ತಿವಿದ.

"ಬ್ಯಾಡ."

"ಅವರ ಜಾಗಾ ಹೋಗ್ತೈತೋ."

"ಗೊತ್ತೈತಿ. ಬ್ಯಾಡ."

ಹೊರಗೆ ಹೋಗದ ದನಿಯೂ ನನ್ನ ಹೆಡ್‌ಫೋನ್‌ಗೆ ಬರುವಂತೆ ಮಿಕ್ಸರ್‌ನಲ್ಲಿ ಒಂದು ಗುಂಡಿ ಇರುತ್ತದೆ. ಅದು ಒತ್ತಿಯೇ ಇತ್ತು. ಇಡೀ ಹಾಲ್‌ನಲ್ಲಿ ಆ ಪ್ರಾರ್ಥನೆ ಕೇಳುತ್ತಿದ್ದವನು ನಾನೊಬ್ಬ. ಅದು ತಲೆಗೆ ಹೊಳೆದದ್ದೇ ಹೆಡ್‌ಫೋನ್ ಕಿತ್ತು ತೊಡೆಯ ಮೇಲೆ ಇಟ್ಟುಕೊಂಡೆ. ಈಗ ನನಗೂ ಕಾಣುತ್ತಿದ್ದದ್ದು ತುಟಿ ಮಾತ್ರ.

ಅದು ಬಹಳ ಹೊತ್ತೇನೂ ಅಲ್ಲ. ನನಗೆ ಅದು ಬಸ್ ತಪ್ಪಿದ ಮೇಲೆ ನಿಲ್ದಾಣದಲ್ಲಿ ನಿಂತ ಹೊತ್ತಿನಂತೆ ಉದ್ದವಾಯಿತು. ಅಷ್ಟರಲ್ಲಿ ಡಬ್ಬಿ ಬಡಿಯುತ್ತಿದ್ದವರು ನಿಲ್ಲಿಸಿದರು. ಒಬ್ಬರನ್ನು ನೋಡಿ ಒಬ್ಬರು ವೇದಿಕೆಯ ಕಡೆ ನೋಡತೊಡಗಿದರು. ಸಿಸ್ಟರ್ ನನ್ನ ಮೇಜಿನ ಹತ್ತಿರ ಬಂದು, ನನ್ನ ತೊಡೆಯ ಮೇಲಿನ ಹೆಡ್‌ಫೋನ್ ನೋಡಿ, ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿದರು.

ಫಾದರ್ ನೆಟ್ಟಗಾದರು. ನಾನು ಗುಂಡಿ ಏರಿಸಿದೆ.

"ಕೇಳಲಿಲ್ಲ ಅಲ್ಲವೇ?" ಎಂದರು ಕೊಂಕಣಿಯಲ್ಲಿ. "ನೀವು ಕಾದಿರಿ. ನಾನು ಹೇಳಲು ಬಂದದ್ದು ಇಷ್ಟೇ." ಎಂದು ಕುರ್ಚಿಗೆ ಹೋಗಿ ಕೂತುಬಿಟ್ಟರು.

ಚಪ್ಪಾಳೆ ಆ ಚಾವಣಿಯ ಕೆಳಗೆ ಬಹಳ ಹೊತ್ತು ಉರುಳಾಡಿತು.

ಕಾರ್ಯಕ್ರಮ ಮುಗಿದ ಮೇಲೆ ನಾನು ವೈರ್ ಸುತ್ತುತ್ತಿದ್ದಾಗ ಹಿರಿಯ ಫಾದರ್ ಬಂದು ನಿಂತರು.

"ಮಧ್ಯದಲ್ಲಿ ದನಿ ನಿಲ್ಲಿಸಿದ್ದು ನೀನೋ, ಅವನೋ?" ಎಂದು ಕೊಂಕಣಿಯಲ್ಲಿ ಕೇಳಿದರು.

"ನಾನು, ಫಾದರ್."

"ಅವನು ಹೇಳಿದ್ದನೇ?"

"ಇಲ್ಲ."

"ನೀನಾದರೂ ಕೇಳಿದೆಯಾ, ಏನಂದ ಅಂತ?"

"ಇಲ್ಲ ಫಾದರ್. ಹೆಡ್‌ಫೋನ್ ತೆಗೆದು ಇಟ್ಟಿದ್ದೆ."

ಅವರು ಕಿಟಕಿಯ ನೇರಳೆ ಬಟ್ಟೆಯನ್ನು ಬೆರಳಿನಿಂದ ಸರಿಸಿ ಹೊರಗಿನ ಬಿಸಿಲು ನೋಡಿದರು. ಬಿಟ್ಟರು. "ಕುಡಚಡೆಯ ಆ ಸಣ್ಣ ಜಾಗಕ್ಕೆ ನೀನು ಏನು ಮಾಡಿಕೊಡಬಲ್ಲೆ?" ಎಂದರು. "ಮುಂದಿನ ಫೆಸ್ತಿನವರೆಗೆ ನೋಡುತ್ತೇನೆ. ಆಮೇಲೆ ಮತ್ತೆ ಯೋಚನೆ."

ಪೂರ್ತಿ ಗೆದ್ದದ್ದೂ ಅಲ್ಲ, ಸೋತದ್ದೂ ಅಲ್ಲ. ಫಾದರ್‌ಗೆ ಹೇಳಿದಾಗ ಅವರು ನನ್ನ ಕೈ ಹಿಡಿದು ಅಲುಗಿಸಿ, ಮಫ್ಲರ್ ಸರಿ ಮಾಡಿಕೊಂಡರು. "ಫೆಸ್ತ್ ದೂರ ಐತಿ," ಎಂದರು.

ಪುಣೆಯ ಡಬ್ಬಿಗಳು ಪುಣೆಗೆ ಹೋದವು. ಕುಡಚಡೆಯ ಪ್ರಾರ್ಥನಾಲಯದಲ್ಲಿ ನಾನು ಹೊಡೆದ ಚಪ್ಪಾಳೆ ತಗಡಿನ ಸೂರಿನಲ್ಲಿ ಝಣ್ ಎಂದಿತು, ಆದರೆ ಬೇಗ ಸತ್ತಿತು. ಒಂದು ದೊಡ್ಡ ಸ್ಪೀಕರ್ ಬಲಿಪೀಠದ ಹತ್ತಿರ ಇಡುವ ಬದಲು, ಸಣ್ಣ ಸಣ್ಣವನ್ನು ಬೆಂಚುಗಳ ಮಗ್ಗುಲಿಗೆ, ಜನರ ಕಿವಿಯ ಹತ್ತಿರ, ಕಡಿಮೆ ದನಿಯಲ್ಲಿ ಹಾಕಿದೆ. ಮೈಕಿನಿಂದ ದೂರ ಇದ್ದದ್ದರಿಂದ ಶಿಳ್ಳೆ ಏಳಲಿಲ್ಲ. ರಸ್ತೆಯ ಕಡೆಯ ಕಿಟಕಿಗೆ ಕಾಕಾ ಹಲಗೆ ಹೊಡೆದ, ಲಾರಿಗಳ ಸದ್ದು ಅರ್ಧಕ್ಕೆ ಇಳಿಯಿತು. ಬಲಿಪೀಠದ ಕೆಳಗೆ, ಫಾದರ್ ಕಾಲಿಗೆ ಸಿಗುವಂತೆ, ಒಂದು ಸ್ವಿಚ್ ಇಟ್ಟೆ. ಒತ್ತಿದರೆ ಮೈಕ್ ಬಂದ್, ಮತ್ತೆ ಒತ್ತಿದರೆ ಚಾಲೂ.

ಆ ಸ್ವಿಚ್ ನನ್ನ ಮನಸ್ಸಿಗೆ ಬರಲಿಲ್ಲ. ಬ್ಯಾಂಡಿನವರ ಹಳೆಯ ಕಾಲುಸ್ವಿಚ್, ಒತ್ತಿದಾಗ ಟಕ್ ಎಂದು ಸದ್ದು ಮಾಡುತ್ತದೆ. ಮೆಲುದನಿಯ ಪ್ರಾರ್ಥನೆಗೆ ಮುಂಚೆ ಟಕ್ ಎಂದರೆ ಏನು ಚಂದ? ಮುಂದಿನ ವಾರಗಳಲ್ಲಿ ಯಾವ ಮದುವೆ ಮಂಟಪದಲ್ಲಿ ನಿಂತರೂ ನನಗೆ ಆ ಟಕ್ ಕೇಳುತ್ತಿತ್ತು. ಕೊನೆಗೆ ಸದ್ದು ಮಾಡದ ಸ್ವಿಚ್ ಹುಡುಕಿ ತಂದು, ಒಂದು ಭಾನುವಾರ ಕಾಕಾನನ್ನು ಕರೆದುಕೊಂಡು ಪೂಜೆಗೆ ಮುಂಚೆಯೇ ಹೋದೆ. ಬಲಿಪೀಠದ ಕೆಳಗೆ ಕೂತು ಹಳೆಯದನ್ನು ಬಿಚ್ಚುತ್ತಿದ್ದೆ. ಮೊದಲ ಬೆಂಚಿನಲ್ಲಿ ಜಪಮಾಲೆ ಹಿಡಿದು ಕೂತಿದ್ದ ಮುದುಕಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು.

"ಏನ್ ಮಾಡಾಕತ್ತೀಯೋ ಯಪ್ಪಾ?"

"ಇದು ಭಾಳ ಸದ್ದ ಮಾಡತೈತಿ ಅಜ್ಜಿ. ಬ್ಯಾರೇದು ಹಾಕ್ತೇನಿ."

"ಅಯ್ಯ, ತಗೀಬ್ಯಾಡ. ಟಕ್ ಅಂದ್ರ ಫಾದರ್ ತಮ್ಮದು ಹೇಳ್ಕೋಳಾಕ ಹೋದ್ರು ಅಂತ ನಮಗ ತಿಳೀತೈತಿ. ಆವಾಗ ನಾವೂ ನಮ್ಮ ನಮ್ಮದು ಹೇಳ್ಕೋತೇವಿ. ಮತ್ತ ಟಕ್ ಅಂದ್ರ ಎಲ್ಲಾರೂ ಬರ್ತೇವಿ."

ನಾನು ಫಾದರ್ ಮುಖ ನೋಡಿದೆ. ಅವರು ಪೂಜೆಯ ಉಡುಪು ಹಾಕಿಕೊಳ್ಳುತ್ತಿದ್ದರು. ಭುಜ ಹಾರಿಸಿದರು. ಆ ವಿಧಿ ಅವರು ಮಾಡಿದ್ದಲ್ಲ.

ಬಿಚ್ಚಿದ ಸ್ಕ್ರೂಗಳನ್ನು ತಿರುಗಿ ಹಾಕಿದೆ. ಹೊಸ ಸ್ವಿಚ್ ಚೀಲಕ್ಕೆ ಹೋಯಿತು.

ಪೂಜೆ ಶುರುವಾಯಿತು. ನಾನು ಕಾಕಾನ ಜೊತೆ ಹಿಂದಿನ ಬೆಂಚಿನಲ್ಲಿ ಕೂತೆ. ಸ್ಪೀಕರ್ ಒಂದು ನನ್ನ ಮೊಣಕೈ ಹತ್ತಿರವೇ ಇತ್ತು. ಜೋಳದ ಹಿಟ್ಟು ಜರಡಿ ಹಿಡಿದಂಥ ಆ ದನಿ ಅದರಿಂದ ಒಂದೊಂದು ಶಬ್ದವನ್ನೂ ಬಿಡಿಸಿ ಕೊಡುತ್ತಿತ್ತು. ಹೊರಗೆ ಒಂದು ಲಾರಿ ಗೇರ್ ಬದಲಿಸಿ ಏರು ಹತ್ತಿತು.

ಟಕ್.

ಫಾದರ್ ನಡು ಬಗ್ಗಿಸಿದರು. ಮುಂದಿನ ಬೆಂಚಿನಲ್ಲಿ ಮುದುಕಿ ತಲೆ ಬಗ್ಗಿಸಿದಳು, ಅವಳ ಹಿಂದೆ ಸೆಂಟ್ರಿಂಗ್ ಕೆಲಸದವರು, ಅವರ ಹಿಂದೆ ಉಳಿದವರು. ನನ್ನ ಬೆರಳು ತಾನಾಗಿಯೇ ಗುಂಡಿ ಹುಡುಕಿ ಮುಂದೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕೈಯನ್ನು ತಂದು ತೊಡೆಯ ಮೇಲೆ ಇಟ್ಟುಕೊಂಡೆ. ಪಕ್ಕದಲ್ಲಿ ಕಾಕಾನ ತುಟಿ ಅಲುಗುತ್ತಿತ್ತು. ಏನೆಂದು ನಾನು ಕೇಳಲಿಲ್ಲ.